ಮೂರನೇ ಕಂತಿನ ಕೊಲೆಗಾರ

ಕೊಂದಾಂವ ನಾನೇ.
ಮೊದಲ ನಾಕು ನಿಮಿಷದಾಗ ಮಾವನ ಕಥಿ ಮುಗಿಸಿ
ತಾಮ್ರದ ಚರಿಗಿ ಒರಸಿ ನಾಗಂದಿಗಿ ಮ್ಯಾಲಿಟ್ಟೆ.
ಮಂದಿ ಎಲ್ಲಾ ನೋಡಿದರು.

ಈಗ ಖಡೇಬಜಾರದಾಗ ಬದನಿಕಾಯಿ ತೂಗೋ ಶೇವಂತಾಬಾಯಿ
ಯಾರು ಕೊಂದರು ಅಂತ ಕೇಳೂದಿಲ್ಲ.
"ಚರಿಗಿ ಎಡಗೈಲೆ ಯಾಕ ಒರಸಿದಿ, ಖೋಡಿ?
ಅಲ್ಲೇ ಸಿಕ್ಕಿ ನೋಡು" ಅಂತಾಳ,
ಎರಡು ಕಾಯಿ ಹೆಚ್ಚಿಗಿ ಹಾಕತಾಳ
ಜೈಲಿಗೆ ಹೊಂಟಾಂವಗ ಹಾಕಿದಂಗ.

ಧಾರಾವಾಹಿಯ ಫೌಜದಾರ ದುಂಡಪ್ಪ ಹುಕ್ಕೇರಿ
ಪಿಸ್ತೂಲು ಮನ್ಯಾಗ ಮರತು ಬರತಾನ.
ಹೆಣ ಒಂದ್ಕಡೆ ಇರಲಿ,
ಸೀದಾ ಅಡಿಗಿಮನಿ ಹೊಕ್ಕು
ಒಗ್ಗರಣಿ ಡಬ್ಬಿ ತೆಗೆದು ಮೂಸತಾನ:
"ಸಾಸಿವಿ ಭಾಳ ತುಟ್ಟಿ ಆತಲ್ರೀ."
ನನಗ ಬೆವರು. ಅದು ನಟನೆ ಅಲ್ಲ,
ಲೈಟಿನ ಕಾವು ಹಂಗಿತ್ತು.

ನಿನ್ನೆ ರಾತ್ರಿ ತಡಾ ಮಾಡಿ ಬಂದೆ.
ಶೂಟಿಂಗ್ ಇತ್ತು ಅಂದೆ.
ಕಲಾವತಿ ಏನೂ ಕೇಳಲಿಲ್ಲ.
ಅಂಗಿ ಒಗ್ಯಾಕ ಹಾಕೂ ಮುಂದ ಕಿಸೆ ತಡವಿದಳು,
ನಿಪ್ಪಾಣಿ ಬಸ್ಸಿನ ಚೀಟಿ ಮಡಚಿ
ಕಡಲಿಹಿಟ್ಟಿನ ಡಬ್ಬಿ ಕೆಳಗಿಟ್ಟಳು.
ನಾ ನೋಡಿದೆ.
ನಾ ನೋಡಿದ್ದು ಆಕಿ ನೋಡಿದಳು.

ಇಪ್ಪತ್ತು ವರ್ಷದ ಹಿಂದ ನಾಟಕ ಕಂಪನಿಯಾಗ
ನನ್ನ ಜೋಡಿ ಪಾರ್ಟು ಮಾಡತಿದ್ದಾಕಿ
ಅಲ್ಲೇ ತೀರಿಕೊಂಡಿದ್ದಳು. ಮಣ್ಣಿಗೆ ಹೋಗಿದ್ದೆ.
ಅಷ್ಟೇ. ಅಷ್ಟು ಹೇಳಾಕ
ಯಾವ ಕಂತಿನಾಗೂ ಮಾತು ಬರದುಕೊಟ್ಟಿಲ್ಲ.

ಮುಂಜಾನೆ ಬಸಿಯಾಗ ಚಹಾ ಸುರುವಿ
ಕುಡಿಯಾಕ ಹತ್ತೀನಿ, ಬಲಗೈಲೆ, ಜ್ವಾಕಿಲೆ.
ಎದುರಿಗೆ ಮೆಂತ್ಯೆ ಸೋಸಿಕೋತ ಕುಂತಾಳ,
ಚಪ್ಪಲಿಗೆ ಹತ್ತಿದ ಕರೇ ಮಣ್ಣ ನೋಡತಾಳ.
"ಬಸ್ ಚಾರ್ಜು," ಅಂತಾಳ,
"ಭಾಳ ತುಟ್ಟಿ ಆತಲ್ರೀ."