ಮೂರನೇ ಮೇಜು

ಗ್ಡಿನಿಯಾ ಬಂದರಿನ ಹಿಂದಿನ ಬೀದಿ,
ನಾವಿಕರ ಸಂಘದ ಮಹಡಿ ಮೇಲಿನ ಕೋಣೆ,
ನವೆಂಬರಿನ ಭಾನುವಾರ. ಮೆಟ್ಟಿಲ ತುಂಬ ಒದ್ದೆ ಬೂಟಿನ ಗುರುತು.
ಹನ್ನೊಂದು ಮೇಜು, ನಲವತ್ತೆರಡು ಹೆಡ್‌ಫೋನು,
ಒಂದು ಡಬ್ಬಿ ಶುಂಠಿ ಬಿಸ್ಕತ್ತು.
ಮಡಕೆ ಕೊಳ್ಳುವವಳು ತಟ್ಟಿ ನೋಡುವ ಹಾಗೆ
ಕೇಳಿ ನೋಡಿಯೇ ಕೊಳ್ಳಬೇಕೆನ್ನುವವರ ಕೂಟ.
ಕೇಳಿ ನೋಡುವುದು! ಎಂಥ ಮಾತು.
ಕಿವಿಯ ಕೆಲಸಕ್ಕೂ ಸಾಕ್ಷಿ ಹೇಳಲು ಕಣ್ಣೇ ಬರಬೇಕು.

ಒಳಗೆ ಕಾಲಿಟ್ಟರೆ ಸಂಗೀತವೇ ಇಲ್ಲ.
ಇಪ್ಪತ್ತು ಜನ, ಇಪ್ಪತ್ತು ಲಯ,
ಒಬ್ಬರ ಕಾಲಿಗೊಬ್ಬರ ಕಾಲು ಸಂಬಂಧವಿಲ್ಲದೆ
ನೆಲ ಕುಟ್ಟುತ್ತಿವೆ.
ನಡುವೆ ಯಾರೋ, ತಾನು ಕೂಗುತ್ತಿರುವುದೇ ಗೊತ್ತಿಲ್ಲದೆ,
"ಮಂದ್ರ ಸಾಲದು!" ಎಂದು ಅರಚುತ್ತಾನೆ.
ಉಳಿದವರಿಗೆ ಅದೂ ಕೇಳಿಸುವುದಿಲ್ಲ.

ನನ್ನ ಕಾವಲು ಮೂರನೇ ಮೇಜಿಗೆ.
ಒಬ್ಬರು ತೆಗೆದಿಟ್ಟ ಮೇಲೆ
ಸ್ಪಿರಿಟ್ಟಿನ ಬಟ್ಟೆಯಲ್ಲಿ ಮೆತ್ತೆ ಒರೆಸಬೇಕು,
ಮೊಟ್ಟೆ ಬೇಯಿಸುವ ಮರಳುಗಡಿಯಾರ ತಿರುಗಿಸಬೇಕು:
ತಲೆಗೆ ನಾಲ್ಕು ನಿಮಿಷ.

ಯಾಗೊಡಾ ಚರ್ಚುಗಳ ಆರ್ಗನ್ನಿಗೆ ಶ್ರುತಿ ಕೂಡಿಸುವವಳು.
ಪರೀಕ್ಷೆಗೆ ಹಾಡು ತರುವುದಿಲ್ಲ; ತರುವುದು
ತನ್ನ ಅಡುಗೆಮನೆಯ ಮೂವತ್ತು ಸೆಕೆಂಡು:
ಚಮಚ, ಬಟ್ಟಲು, ನಲ್ಲಿ, ಕಿಟಕಿಯಾಚೆ ಟ್ರಾಲಿ ಬಸ್ಸು.
"ಇದರಲ್ಲಿ ಚಮಚ ಸ್ಟೀಲಿನದು," ಎನ್ನುತ್ತಾಳೆ.
ಇನ್ನೊಂದು ಹಾಕಿಕೊಂಡು, "ಇದರಲ್ಲಿ ತವರದ್ದು.
ನನ್ನ ಮನೆಯಲ್ಲಿ ತವರದ ಚಮಚವೇ ಇಲ್ಲ."
ಐದು ವರ್ಷದಿಂದ ಬರುತ್ತಾಳೆ. ಇನ್ನೂ ಕೊಂಡಿಲ್ಲ.

ಅವಳ ಹಿಂದೆ ಬೋಗುಮಿಲ್. ಎಪ್ಪತ್ತೆಂಟು.
ಕೆಳಗೆ ಇಸ್ಪೀಟಾಡಲು ಬಂದವರು,
ಮೇಲೆ ಬಿಸ್ಕತ್ತಿದೆಯೆಂದು ಯಾರೋ ಹೇಳಿದರಂತೆ.
ಮೂವತ್ತೊಂದು ವರ್ಷ ಹಡಗುಕಟ್ಟೆಯಲ್ಲಿ
ಕಬ್ಬಿಣದ ಹೊಟ್ಟೆಯೊಳಗೆ ಕೂತು ಸುತ್ತಿಗೆ ಬಡಿದವರು.
ಟೋಪಿ ಮಂಡಿಯ ಮೇಲಿಟ್ಟು,
ಬೆಲೆ ಕೇಳದೆ, ತೀರಾ ದುಬಾರಿಯದಕ್ಕೇ ಕೈ ಹಾಕಿದರು;
ಅಂಗೈಯಗಲದ ಮರದ ಚಿಪ್ಪು, ಅಂಚಿಗೆ ಕುರಿತೊಗಲು.
ಕಣ್ಣು ಮುಚ್ಚಿದರು.

ಮರಳು ತಿರುಗಿಸಿದೆ.
ಮರಳು ಮುಗಿಯಿತು. ಅವರು ಕದಲಲಿಲ್ಲ.
ಮತ್ತೆ ತಿರುಗಿಸಿದೆ.
ಸಾಲಿನಲ್ಲಿದ್ದ ರಾದೆಕ್ ಕೆಮ್ಮಿದ.
ಯಾವ ಹಾಡು ಹೀಗೆ ಹಿಡಿದು ಕೂರಿಸಿತೋ ಎಂದು
ತಂತಿಯ ಬೆನ್ನು ಹತ್ತಿ ಹೋದರೆ
ಅದರ ತುದಿ ಮೇಜಿನಡಿ
ಮಲಗಿದ ಬೆಕ್ಕಿನ ಬಾಲದ ಹಾಗೆ ಬಿದ್ದಿತ್ತು.
ಯಾಗೊಡಾ ಏಳುವಾಗ ಕಿತ್ತು ಬಂದಿರಬೇಕು.
ನೋಡಿಕೊಳ್ಳಬೇಕಾದವನು ನಾನು.

ನಾಚಿಕೆಯಿಂದ ಅವರ ತೋಳು ಮುಟ್ಟಿದೆ.
ಒಂದು ಚಿಪ್ಪನ್ನಷ್ಟೇ ಎತ್ತಿದರು.
"ಕ್ಷಮಿಸಿ, ಇದರಲ್ಲಿ ಏನೂ ಬರುತ್ತಿಲ್ಲ."
"ಗೊತ್ತು," ಎಂದರು. "ಹಾಗೇ ಇರಲಿ.
ಎಪ್ಪತ್ತನಾಲ್ಕರಲ್ಲಿ ಇಂಥದ್ದೇ ಬೇಕು ಅಂತ
ನಾವೆಲ್ಲ ಸಹಿ ಹಾಕಿ ಬರೆದು ಕೊಟ್ಟಿದ್ದೆವು.
ಹತ್ತಿ ಕೊಟ್ಟರು. ಒಂದು ಹಿಡಿ. ಇಬ್ಬರಿಗೆ."

ಮತ್ತೆ ಕಿವಿ ಮುಚ್ಚಿಕೊಂಡರು.
ಸಾಲು ಕಾಯಿತು. ರಾದೆಕ್ ಕೂಡ ಕೆಮ್ಮಲಿಲ್ಲ.

ಮೂರನೇ ಸಲದ ಮರಳು ಇಳಿಯುವಾಗ ತೆಗೆದಿಟ್ಟು,
"ಚೆನ್ನಾಗಿದೆ. ಆದರೆ ಒಳಗಿನ ಶಿಳ್ಳೆ ಹಾಗೇ ಇದೆಯಲ್ಲ,
ಇಷ್ಟು ದುಡ್ಡಿಗೂ ಅದು ನಿಲ್ಲುವುದಿಲ್ಲವಾ?"
ಇಲ್ಲ ಎಂದೆ.
"ಯಾವ ಸ್ವರ ಅದು?" ಯಾಗೊಡಾ ಕೇಳಿದಳು.
ಇಷ್ಟು ವರ್ಷ ಯಾರೂ ಕೇಳಿರದ ಪ್ರಶ್ನೆ, ಪಾಪ;
ತುಟಿ ಒದ್ದೆ ಮಾಡಿಕೊಂಡು, ಎರಡು ಸಲ ತಪ್ಪಿ,
ಸಣ್ಣಗೆ ಊದಿ ತೋರಿಸಿದರು.
ಅವಳು ತಲೆ ವಾಲಿಸಿ, ಬರಿಗಿವಿಯಲ್ಲಿ,
ಕೊನೆಯ ತನಕ ಕೇಳಿದಳು.
"ಒಂದು ಎಳೆ ಇಳಿದಿದೆ," ಎಂದಳು.
"ವಯಸ್ಸಾಯಿತಲ್ಲ," ಎಂದು ಬೋಗುಮಿಲ್ ನಕ್ಕು,
ಟೋಪಿ ಹಾಕಿಕೊಂಡು ಡಬ್ಬಿಯತ್ತ ನಡೆದರು.

ಬಿಸ್ಕತ್ತು ಆಗಲೇ ಮುಗಿದಿತ್ತು.
ನಾನು ಮೆತ್ತೆ ಒರೆಸುತ್ತಿದ್ದೆ, ಇನ್ನೂ ಬಿಸಿಯಿತ್ತು,
ತಲೆಯೆತ್ತಲಿಲ್ಲ.