ಅಕ್ಷರಕ್ಕ ಹದಿನೈದು ರೂಪಾಯಿ

ಸಾಂಗೆಯ ಪುರಸಭೆಯವರು ಕರೆಸಿ ಹೇಳಿದ್ರು:
ಮಾಮ್ಲೇದಾರ ಕಚೇರಿ ಗ್ವಾಡಿಗೆ ಒಂದು ಬೋರ್ಡು ಬೇಕು,
ಮ್ಯಾಲೆ ತಾಲೂಕಿನ ಇತಿಹಾಸ, ಕೆಳಗ ಗಣ್ಯರ ಹೆಸರು.
ಅಕ್ಷರಕ್ಕ ಹದಿನೆಂಟು ಅಂದೆ.
ಹದಿನೈದಕ್ಕ ಇಳಿಸಿದ್ರು.
ಹಾನಗಲ್ಲಿಂದ ಬಂದು ನಲವತ್ತೊಂದು ವರ್ಷ,
ಈ ಪ್ಯಾಟ್ಯಾಗ ನಾ ಬರೀದ ಅಂಗಡಿ ಇಲ್ಲ,
ನನ್ನ ಭಾಷಾದಾಗ ಬರದ ಅಂಗಡೀನೂ ಇಲ್ಲ.

ಇತಿಹಾಸ ಅಂದ್ರ ನಾಕ ಸಾಲು.
ಪೋರ್ತುಗೀಜರ ಕಾಲಕ್ಕ ಕೊನ್ಸೆಲ್ಯು, ಈಗ ತಾಲೂಕು;
ಕಪಾಟು ಅವ, ಗೆದ್ದಲ ಹುಳ ಬ್ಯಾರೆ.
ಅದಿರಿನ ಲಾರಿ ಬಂದ್ವು, ನಿಂತ್ವು.
ಅಣೆಕಟ್ಟಿನ ಬುಡಕ ಹಳ್ಳಿ ಮುಳುಗಿದ್ವು
ಅನ್ನೋ ಸಾಲನ್ನ ಇಂಜಿನಿಯರ ಕೆಂಪು ಪೆನ್ನಿಲೆ
ಕುಡಿಯೋ ನೀರಿನ ಸೌಲಭ್ಯ ಒದಗಿತು ಅಂತ ತಿದ್ದಿದ.
ಅಕ್ಷರ ಎಣಿಸಿದೆ. ಎರಡು ಹೆಚ್ಚಾದ್ವು, ನನಗ ಲಾಭ.

ಗಣ್ಯರಾಗ ಮೊದಲನೇದು
ಡಾಕ್ಟರ್ ತೆಯೋತೋನಿಯೊ ಕಾಯೆತಾನ್ ದ ಪಿಯೆದಾದ್ ರೆಬೆಲೊ.
ಇಂಥಾದೊಂದು ಹೆಸರು ಬರದ್ರ
ನಮ್ಮನ್ಯಾಗ ಇಸವಣ ಮೀನು ಕುದಿತೈತಿ.
ಹಾವು ಕಡದವರನ್ನ ತನ್ನ ಮಂಚದ ಮ್ಯಾಲೆ ಮಲಗಿಸಿ
ರಾತ್ರಿಯೆಲ್ಲಾ ಕುರ್ಚ್ಯಾಗ ಕುಂತವ.
ಬೋರ್ಡಿನ್ಯಾಗ ಅದಿಲ್ಲ, ಲಿಸ್ಬನ್ನಿನ ಪದಕ ಅಷ್ಟ ಐತಿ.
ಆಮ್ಯಾಲೆ ವಕೀಲ ಘನಃಶ್ಯಾಮ ಸಿನಾಯ್ ಉಗೇಕಾರ,
ಬೇಲಿಮ್ಯಾಲಿನ ಒಂದು ತೆಂಗಿನಮರಕ್ಕ
ಮೂವತ್ತೆಂಟು ವರ್ಷ ವಾದ ಮಾಡಿ ಗೆದ್ದವ.
ತೀರ್ಪು ಬರೂದ್ರಾಗ ಮರ ಬಿದ್ದಿತ್ತು.
ಮೇಸ್ತ್ರಿ ಆಂಜೆಲೊ, ಪಿಟೀಲು.
ಇಬ್ಬರು ಶಾಸಕರು, ಒಬ್ಬಂವ ಇನ್ನೂ ಜೀವಂತ,
ಫೋನ್ ಮಾಡಿ ಕೇಳಿದ: ನನ್ನದು ಎಷ್ಟನೇದು?

ಯಾದಿಯ ಕಡೀಕ, ಪೆನ್ಸಿಲ್ಲಿನ್ಯಾಗ, ಹಳೇ ಗುಮಾಸ್ತೆ ಬರದಿದ್ದ:
ಪುತೂ.
ಹೊಡದಿದ್ರು ಅದಕ್ಕ ಗೀಟು.
ಯಾಕ್ರಿ ಅಂದೆ.
ಅಡ್ಡಹೆಸರು ಗೊತ್ತಿಲ್ಲ, ಹುಟ್ಟಿದ್ದು ಗೊತ್ತಿಲ್ಲ,
ಫೋಟೋ ಇಲ್ಲ, ಅಂವ ಏನ ಮಾಡ್ಯಾನ?

ಹೊಳಿ ದಾಟಿಸ್ಯಾನ.
ಅರವತ್ತೊಂದರಾಗ ಒಂದು ರಾತ್ರಿ
ಓಡಿಹೋಗೋ ಅಧಿಕಾರೀನ್ನ ಟ್ರಂಕು ಸಮೇತ ದಾಟಿಸಿ
ಬೆಳಗಾಗೂದ್ರಾಗ ಬಂದ ಸಿಪಾಯಿನ್ನೂ ದಾಟಿಸಿ
ಇಬ್ಬರ ಕಡಿಂದನೂ ಒಂದ ದರ ತಗೊಂಡವ.
ನಾ ಬಂದ ದಿನ ನನ್ನ ಕಡೆ ಚಿಲ್ಲರೆ ಇರಲಿಲ್ಲ.
ಡಬ್ಬಿ ನೋಡಿ, ದೋಣಿ ಮೂತಿಗೆ ನಂಬರು ಬರಿ ಅಂದ.
ಈ ಊರಾಗ ಅದ ನನ್ನ ಮೊದಲ ಕೆಲಸ. ಏಳು.
ಸುಮ್ಮನ ಕನ್ನಡ ಏಳು ಬರದುಬಿಟ್ಟೆ.
ಯಾರೂ ಓದಲಿಲ್ಲ, ದೋಣಿ ನಡೀತು.

ಎರಡ ಅಕ್ಷರ, ಬಿಟ್ಟಿ ಬರೀತೀನಿ ಅಂದೆ.
ರೊಕ್ಕದ ಮಾತಲ್ಲ ಮಾರಾಯ, ಅಂದ್ರು.

ಸಂಜಿಕ್ಕ ಬ್ರಶ್ಶು ತಗೊಂಡು ಹಳೇ ಕಟ್ಟಿಗೆ ಹೋದೆ.
ಸೇತುವೆ ಆದಮ್ಯಾಲೆ ಅಲ್ಲಿ ಯಾರೂ ಇಳಿಯೂದಿಲ್ಲ.
ನೀರಂಚಿಗೆ ಒಂದು ಕಲ್ಲು ಐತಿ, ಅರ್ಧಾ ಹೂತೈತಿ,
ಮೈತುಂಬ ಹಳೇ ಕನ್ನಡ ಅಕ್ಷರ.
ಪೂರಾ ಓದಾಕ ನನಗ ಬರೂದಿಲ್ಲ.
ಸ್ವಸ್ತಿ ಅಂತ ಐತಿ. ಶ್ರೀ ಐತಿ. ಎಲ್ಲೋ ಒಂದು ಕೆರಿ.
ಯಾವನೋ ದೊಡ್ಡವ ಏನೋ ಕೊಟ್ಟಾನ,
ಅಂವನ ಹೆಸರು ಇರಬೇಕಾದ ಜಾಗಾದಾಗ
ಸರಿಯಾಗಿ ನಡಕ, ಬೆರಳಿಡುವಷ್ಟು ಆಳ,
ದಿನಾ ದೋಣಿ ಕಟ್ಟಿ ಕಟ್ಟಿ
ಪುತೂನ ಹಗ್ಗ ಸವೆಸಿದ ಗೀರು.

ಬ್ರಶ್ಶು ಅದರಮ್ಯಾಲೆ ಇಡಲಿಲ್ಲ,
ಬಾಜೂಕ ಹುಲ್ಲಿನಮ್ಯಾಲೆ ಇಟ್ಟು
ಸೀಮೆಎಣ್ಣಿ ಡಬ್ಬಿ ಬಿಚ್ಚಿದೆ.