ಖಾಲಿ ಗಾಳಿಯ ತೂಕ

ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ
ಮೂರನೇ ರೈಸ್‌ಮಿಲ್ಲಿನ ಎದುರು ವೇಬ್ರಿಜ್ಜು.
ಲಾರಿ ಹತ್ತಿದರೆ ಗಾಜಿನ ಹಿಂದೆ ಕೆಂಪು ಅಂಕಿ.
ಆ ಅಂಕಿಯನ್ನು ರಸೀದಿಗೆ ಇಳಿಸುವ ಪ್ರೋಗ್ರಾಮು ನನ್ನದು,
ಏಳು ವರ್ಷದ ಹಿಂದೆ ಬರೆದದ್ದು.
ಹುಸೇನಪ್ಪ ಅದಕ್ಕೆ ದಿನಾ ಮುಂಜಾನೆ ಊದಿನಕಡ್ಡಿ ಹಚ್ಚುತ್ತಾನೆ.

ನಾನು ರಾತ್ರಿ ಫೋನಿನ ಬೆಳಕು ಹಚ್ಚುತ್ತೇನೆ.

ಹನ್ನೊಂದು ಹೊಡೆದು, ಮಗಳು ಮಲಗಿದ ಮೇಲೆ,
ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು.
ಒಬ್ಬ ಹೇಳುತ್ತಾನೆ: ನೀವು ನೆಚ್ಚಿದ ಲೈಬ್ರರಿ ಸತ್ತಿತು,
ಇಂದೇ ಕಿತ್ತೊಗೆದು ಹೊಸದು ಹಾಕಿ.
ಅವನಿಗೆ ನಾಲ್ಕು ಸಾವಿರ ಹೃದಯ.
ಕೆಳಗೆ ಯಾರೋ ಒಬ್ಬಳು: ಸತ್ತಿಲ್ಲ, ಮುದಿಯಾಗಿದೆ ಅಷ್ಟೇ, ತಡೆಯಿರಿ.
ಅವಳಿಗೆ ಹನ್ನೆರಡು.

ಮಿಲ್ಲಿನ ಖರೀದಿಯವರು ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ
ಹಿಡಿ ನೆಲ್ಲು ಎಳೆದು, ಅಂಗೈಯಲ್ಲಿ ತಿಕ್ಕಿ,
ಎರಡು ಕಾಳು ಹಲ್ಲಿಗೆ ಕೊಟ್ಟು
ಹಸಿ ಎಷ್ಟು, ಒಣ ಎಷ್ಟು ಹೇಳಿಬಿಡುತ್ತಾರೆ.
ಹಾಗೆ ಓದಬೇಕು ಇದನ್ನೂ. ನನಗಿನ್ನೂ ಬಂದಿಲ್ಲ.
ಎಷ್ಟೋ ಸಲ ಇಡೀ ಚೀಲವನ್ನೇ ಹೊತ್ತು ತಂದು
ಬೆಳಗಿನ ಜಾವ ಸುರಿದರೆ ಬರೀ ಹೊಟ್ಟು:
ಹತ್ತು ದಿನದಲ್ಲಿ ಕಲಿಯಿರಿ,
ಇದು ಗೊತ್ತಿಲ್ಲದಿದ್ದರೆ ನೀವು ಹಿಂದೆ.

ಹಿಂದೆ ಅಂದರೆ ಎಲ್ಲಿ?
ಇಲ್ಲಿಂದ ಹಿಂದೆ ಪೋತ್ನಾಳ, ಮುಂದೆ ಕಾರಟಗಿ.

ಆ ರಾತ್ರಿ ನಾಲ್ಕು ಸಾವಿರದ ಕಡೆ ಹೋದೆ. ಹೊಸದು ಹಾಕಿದೆ.
ಬೆಳಗ್ಗೆ, ಸುಗ್ಗಿಯ ನಟ್ಟನಡುವೆ, ಗಾಜಿನ ಹಿಂದೆ ಸೊನ್ನೆ,
ರಸೀದಿಯಲ್ಲಿ ಒಂಬತ್ತು ಲಕ್ಷ ಕಿಲೋ.
“ಅಕ್ಕಾರ, ಖಾಲಿ ಗಾಳಿನ ಒಂಬತ್ ಲಕ್ಷ ತೂಗಾಕತ್ತೈತ್ರಿ,
ಯಾರ ಹೆಸರಿಗೆ ಬರೀಲ್ರಿ?”

ಲಾರಿಗಳ ಸಾಲು ಪೆಟ್ರೋಲ್ ಬಂಕಿನ ತನಕ.
ತೂಕದ ಮನೆಯ ಕಟ್ಟೆಯ ಮೇಲೆ ಕೂತು ಹುಡುಕಿದೆ.
ಒಂದೂ ಹೃದಯವಿಲ್ಲದ ಹಳೆಯ ಪೋಸ್ಟು,
ಯಾವುದೋ ಬಂದರಿನಲ್ಲಿ ಮೀನು ತೂಗುವವನದು:
ಕೇಬಲ್ಲು ಮಾತನ್ನು ತುಂಡು ತುಂಡಾಗಿ ತರುತ್ತದೆ,
ಪೂರ್ತಿ ಬರುವ ತನಕ ಬಾಯಿ ಹಾಕಬೇಡಿ.
ನಮ್ಮ ಸೋದರತ್ತೆಯೂ ಇದನ್ನೇ ಹೇಳುತ್ತಿದ್ದಳು, ಬೇರೆ ಕಾರಣಕ್ಕೆ.

ಕಾಯುವುದಕ್ಕೆ ಮೂರು ಸಾಲು ಬರೆದೆ.
ಸೊನ್ನೆ ಸೊನ್ನೆಯಾಗಿ ಅಚ್ಚಾಯಿತು.

ಅವತ್ತು ರಾತ್ರಿ ಆ ಮೂರು ಸಾಲು ನಾನೂ ಹಾಕಿದೆ,
ಅರ್ಧಂಬರ್ಧ ಇಂಗ್ಲಿಷಿನಲ್ಲಿ, ಹೆದರುತ್ತಾ.
ಹನ್ನೊಂದು ದಿನ ಯಾರೂ ಇಲ್ಲ.
ನಾನೇ ಎರಡು ಸಲ ಹೋಗಿ ನೋಡಿ ಬಂದೆ, ಸುಳ್ಳು ಯಾಕೆ, ಇಪ್ಪತ್ತು ಸಲ.
ಹನ್ನೆರಡನೇ ದಿನ ಹೆಸರು ಓದಲಾಗದ ಲಿಪಿಯವನೊಬ್ಬ:
ನಾವಿಲ್ಲಿ ಚಹಾ ಸೊಪ್ಪು ತೂಗುತ್ತೇವೆ.
ಗಾಡಿಗಳು ನಿಂತಿದ್ದವು. ಈಗ ಹೊರಟವು.

ಹುಸೇನಪ್ಪನಿಗೆ ತೋರಿಸಿದೆ.
ಫೋನನ್ನು ಅಂಗೈಯಲ್ಲಿಟ್ಟು ಒಮ್ಮೆ ಮೇಲೆ ಕೆಳಗೆ ಆಡಿಸಿ
“ಹಗುರೈತಿ ಬಿಡ್ರಿ” ಎಂದು ವಾಪಸು ಕೊಟ್ಟ.
ಹಿಂದಿನ ಲಾರಿಯವನು ಹಾರ್ನು ಹೊಡೆಯುತ್ತಲೇ ಇದ್ದ.